ನೀಲವ್ವನ ಬಾಯಿಗೆ ಬಾರದ ಪದ

ಹೋದ ತಿಂಗಳು ನನ್ನ ತಮ್ಮನ ಮೊಮ್ಮಗನ ಮದುವೆಗೆ ಕಂಪ್ಲಿಗೆ ಹೋಗಿದ್ದೆ. ಬಸ್ಸಿನಿಂದಿಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಎಲ್ಲಿಂದಲೋ ಬೆಲ್ಲ ಕಾಯಿಸುವ ವಾಸನೆ ಬಂತು. ಗಾಣಗಳೆಲ್ಲ ಹೋಗಿ ಎಷ್ಟೋ ಕಾಲವಾಯಿತು ಅಂದುಕೊಂಡಿದ್ದೆ. ಹೊಳೆದಂಡೆಗೆ ಇನ್ನೂ ಒಂದೆರಡು ಉಳಿದಿವೆಯಂತೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಉಕ್ಕಿ, ನೊರೆ ತೆಗೆಸಿಕೊಂಡು, ಪಾಕಕ್ಕೆ ಬರುವ ಹೊತ್ತಿನ ಆ ವಾಸನೆಯಲ್ಲಿ ಸ್ವಲ್ಪ ಹೊಗೆಯೂ ಕೂಡಿರುತ್ತದೆ. ಅದು ಮೂಗಿಗೆ ಬಿದ್ದರೆ ಈ ವಯಸ್ಸಿನಲ್ಲೂ ಯಾರೋ ಹಿಂದಿನಿಂದ ಜಡೆ ಹಿಡಿದು ಜಗ್ಗಿದ ಹಾಗಾಗುತ್ತದೆ.

ಮದುವೆ ಮನೆಯಲ್ಲಿ ಇನ್ನೊಂದು ನಡೆಯಿತು. ಅಕ್ಷತೆ ಬಿದ್ದು, ಊಟದ ಸಾಲು ಎದ್ದಿತ್ತು. ಹೊಸ ಮದುಮಗಳು ಚಪ್ಪರದ ಆ ತುದಿಯಿಂದ, "ಚಂದ್ರೂ, ನನ್ನ ಚಪ್ಪಲಿ ನೋಡಿದ್ಯಾ?" ಎಂದು ಗಂಡನನ್ನು ಕೂಗಿದಳು. ಹುಡುಗನ ಹೆಸರು ಚಂದ್ರಶೇಖರ. ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮುದುಕಿಯರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡರು.

"ಒಡಪು ಇಲ್ಲ ಏನಿಲ್ಲ, ಗಂಡನ ಹೆಸರು ತಗೊಂಡೋಗಿ ಚಪ್ಪಲಿ ಜತಿ ಕಟ್ಟಿಬಿಟ್ಲಲ್ಲಬೇ!" ಎಂದಳು ಒಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ನೀಲವ್ವ ನೆನಪಾದಳು, ನಗು ಅರ್ಧಕ್ಕೇ ನಿಂತಿತು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಅನ್ನುತ್ತಿರಲಿಲ್ಲ. ಸೋಬಾನ, ಬಸುರಿಗೆ ಮಾಡುವ ಕುಬಸದಂಥ ಹೊತ್ತಿನಲ್ಲಿ ಹೇಳಲೇಬೇಕೆಂದು ಗೆಳತಿಯರು ಬಾಗಿಲಿಗೆ ಅಡ್ಡ ನಿಂತರೆ, ಎರಡು ಸಾಲು ಪ್ರಾಸ ಕಟ್ಟಿ, ಅದರ ನಡುವೆ ಹೆಸರನ್ನು ಹೂವಿನಂತೆ ಮುಚ್ಚಿಟ್ಟು ಹೇಳಿ ಓಡಿಬಿಡುತ್ತಿದ್ದರು. ಅದೇ ಒಡಪು. ಉಳಿದ ದಿನಗಳಲ್ಲಿ ಆ ಹೆಸರಿನ ಊರಾಗಲಿ, ಕಾಳಾಗಲಿ, ದೇವರಾಗಲಿ ಮಾತಿನಲ್ಲಿ ಎದುರಾದರೆ ಸುತ್ತುಹಾಕಿ ದಾಟಬೇಕು. ಗಂಡನ ಹೆಸರು ಚಂದ್ರಪ್ಪ ಎಂದಾಗಿದ್ದರೆ ಆಕಾಶದ ಚಂದ್ರನೂ ಆ ಹೆಂಗಸಿನ ಬಾಯಲ್ಲಿ ತಿಂಗಳಪ್ಪನಾಗುತ್ತಿದ್ದ. ನೀಲವ್ವನ ಗಂಡನ ಹೆಸರು ಚಂದ್ರಪ್ಪ. ಮದುವೆಯಾದಾಗ ಅವಳಿಗೆ ಅಷ್ಟೂ ಹಲ್ಲು ಬಿದ್ದು ಹುಟ್ಟಿರಲಿಲ್ಲ.

ಆಗ ನಮ್ಮದು ಮದ್ರಾಸಿನ ಆಡಳಿತ. ಹೊಳೆ ದಾಟಿದರೆ ನಿಜಾಮರ ಸೀಮೆ. ಈಚೆ ದಂಡೆಯಿಂದ ಆಚೆ ದಂಡೆಗೆ ಬುಟ್ಟಿಯಂಥ ಹರಿಗೋಲು ಹಾಕುತ್ತಿದ್ದವನು ನೀಲವ್ವನ ಅಪ್ಪ ಹುಲಿಗೆಪ್ಪ. ನಮ್ಮಪ್ಪನದು ಕಬ್ಬಿನ ಹೊಲ, ಒಂದು ಗಾಣ. ಕೋಟೆಯ ಮಗ್ಗುಲಿನ ಹೆಣ್ಣುಮಕ್ಕಳ ಸಾಲಿಯಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವು. ಓದಿನಲ್ಲಿ ಮಾತ್ರ ಅವಳೆಲ್ಲಿ, ನಾನೆಲ್ಲಿ. ಹರಿಗೋಲಿನಲ್ಲಿ ಬರುವ ಚೀಲಗಳ ಮೇಲಿನ ಬರಹ, ಬೆಂಕಿಪೊಟ್ಟಣದ ಮೇಲಿನದು, ಔಷಧದ ಶೀಸೆಯ ಮೇಲಿನದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅವಳು ಓದುವಳು. ಮಧ್ಯಾಹ್ನ ನಮ್ಮ ಮನೆಯಲ್ಲಿ ಅಜ್ಜಿ ಶೇಂಗಾ ಬಿಡಿಸುತ್ತಾ ಕೂತಿದ್ದರೆ ನೀಲವ್ವ ಪುರಾಣದ ಪುಸ್ತಕ ಬಿಚ್ಚಿಕೊಂಡು ಗಡಗಡ ಓದುತ್ತಿದ್ದಳು. ಪುರಾಣದಲ್ಲಿ ಚಂದ್ರ ಬಂದ ಕಡೆಯೆಲ್ಲ ಒಂದು ಚೂರೂ ತಡವರಿಸದೆ "ತಿಂಗಳಪ್ಪ" ಎಂದು ಓದಿ ಮುಂದೆ ಹೋಗುವಳು. ಅಜ್ಜಿ ಹೂಂಗುಟ್ಟುವಳು. ಅದು ತಪ್ಪು ಅಂತ ನಮಗ್ಯಾರಿಗೂ ಅನ್ನಿಸಿದ್ದೇ ಇಲ್ಲ.

ಆ ವರ್ಷ ಗಾಣದ ಕಾಲ ಶುರುವಾಗುವ ಹೊತ್ತಿಗೆ ಸಾಲಿಗೆ ಒಂದು ಸುದ್ದಿ ಬಂತು. ಬಳ್ಳಾರಿಯ ಟ್ರೇನಿಂಗ್ ಸಾಲಿಗೆ ನಮ್ಮ ಸಾಲಿಯಿಂದ ಒಬ್ಬ ಹುಡುಗಿಯನ್ನು ಆರಿಸುತ್ತಾರೆ. ಊಟ, ವಸತಿ ಸರಕಾರದ್ದೇ. ಕಲಿತು ಬಂದರೆ ಟೀಚರ ಕೆಲಸ. ಆರಿಸಲು ಸ್ವತಃ ಇನ್ಸ್‌ಪೆಕ್ಟರಮ್ಮ ಬರುತ್ತಾರೆ.

ನಮ್ಮ ಸುಬ್ಬಮ್ಮ ಟೀಚರು ಆದೋನಿ ಕಡೆಯವರು. ಎಳೆಯದರಲ್ಲೇ ಗಂಡನನ್ನು ಕಳಕೊಂಡು, ಓದಿ, ತಮ್ಮ ಕಾಲ ಮೇಲೆ ತಾವು ನಿಂತವರು. ಅವರು ಆವತ್ತೇ ಸಂಜೆ ಹೊಳೆದಂಡೆಗೆ ನಡೆದುಹೋಗಿ ಹುಲಿಗೆಪ್ಪನಿಗೆ, "ನೋಡಪ್ಪಾ, ನಿನ್ನ ಮಗಳನ್ನ ಬಿಟ್ರ ಇನ್ಯಾರು ಹೋಗ್ತಾರ? ಆಕಿಗೆ ಬಟ್ಟಿ ಹೊಲಿಸಿಟ್ಟಿರು" ಎಂದು ಹೇಳಿ ಬಂದರು.

ಹುಲಿಗೆಪ್ಪನಿಗೆ ಅದು ದೇವರು ಕೊಟ್ಟ ದಾರಿಯಾಗಿತ್ತು. ನೀಲವ್ವನ ಗಂಡನ ಮನೆಯವರು ಹಂಪಿಯ ಹೊಳೆದಂಡೆಯಲ್ಲಿ ಹರಿಗೋಲು ಹಾಕುವ ಜನ. ಮನೆ ಕೆಲಸಕ್ಕೆ ಕೈ ಬೇಕು, ಹುಡುಗಿಯನ್ನು ಕಳಿಸು ಎಂದು ಹಿಂದಿನ ವರ್ಷದಿಂದಲೇ ಹೇಳಿಕಳಿಸುತ್ತಿದ್ದರು. ಮಾವ ಮಾತ್ರ ಸ್ವಲ್ಪ ಮೆತ್ತಗಿನ ಮನುಷ್ಯ. "ಸಾಲಿ ಕಲಿತು ಟೀಚರಾಗೋ ಹಂಗಿದ್ರ ಕಲೀಲಿ, ನಮ್ಮನ್ಯಾಗ ಒಂದು ಟೀಚರಿದ್ರ ಬ್ಯಾಡ ಅಂತೀವೇನು? ಆಕಿ ತಲಿಗೆ ಅದು ಹತ್ತಂಗಿಲ್ಲ ಅಂದ್ರ ಸುಮ್ನ ಯಾಕ ಕುಂದ್ರಿಸ್ತಿ, ಕಳಿಸಿಬಿಡು" ಅಂದಿದ್ದ. ಹೀಗಾಗಿ ನೀಲವ್ವನ ಮುಂದೆ ಎರಡೇ ದಾರಿಯಿದ್ದವು, ಬಳ್ಳಾರಿ ಇಲ್ಲವೇ ಹಂಪಿ. ಯಾವುದೆಂದು ಹೇಳುವವರು ಇನ್ಸ್‌ಪೆಕ್ಟರಮ್ಮ.

ಅವರು ಬರುವ ದಿನ ಸಾಲಿಯ ಅಂಗಳಕ್ಕೆಲ್ಲ ಸೆಗಣಿ ಸಾರಿಸಿದ್ದೆವು. ಅಕ್ಕಿ ಮಿಲ್ಲಿನ ಸಾಹುಕಾರರ ಮನೆಯಿಂದ ಕೈಯಿರುವ ಕುರ್ಚಿ ತಂದು ಹಾಕಿದ್ದೆವು. ಸುಬ್ಬಮ್ಮ ಟೀಚರು ನೀಲವ್ವನನ್ನು ಮೂಲೆಗೆ ಕರೆದು, "ತಾಳಿ ಜಂಪರಿನ ಒಳಗ ಹಾಕ್ಕೊಳ್ಳವ್ವ. ಮದುವಿ ಸುದ್ದಿ ಯಾರೂ ತೆಗೀಬ್ಯಾಡ್ರಿ" ಎಂದರು. ಸಣ್ಣ ಹುಡುಗಿಯರಿಗೆ ಮದುವೆ ಮಾಡಿದರೆ ಅಪ್ಪನಿಗೆ ಸಜಾ ಎಂಬ ಕಾಯ್ದೆ ಆಗ ಹೊಸದಾಗಿ ಬಂದಿತ್ತು. ನೀಲವ್ವನ ಮದುವೆ ಕಾಯ್ದೆಗಿಂತ ಮುಂಚೆ ಆದದ್ದೋ ಆಮೇಲೆ ಆದದ್ದೋ ಯಾರಿಗೂ ಖಾತ್ರಿಯಿರಲಿಲ್ಲ. ಖಾತ್ರಿಯಿಲ್ಲದ್ದಕ್ಕೇ ಹೆದರಿಕೆ ಹೆಚ್ಚು.

"ಕೇಳಿದ್ರ ಸುಳ್ಳು ಹೇಳ್ಲೇನ್ರಿ ಟೀಚರ್ರ?" ಎಂದಳು ನೀಲವ್ವ.

"ಸುಳ್ಳು ಯಾಕ ಹೇಳ್ತಿ? ಸುಮ್ನಿರು. ಸುಮ್ನಿದ್ರ ಅದೇನು ಸುಳ್ಳಾಗಂಗಿಲ್ಲ."

ಇನ್ಸ್‌ಪೆಕ್ಟರಮ್ಮ ಮದ್ರಾಸಿನ ಕಡೆಯ ಕ್ರೈಸ್ತರು. ಬಿಳಿ ಸೀರೆ, ಕನ್ನಡಕ, ಕಾಲಲ್ಲಿ ಬೂಟು. ಕನ್ನಡವನ್ನು ಪುಸ್ತಕದಿಂದ ಕಲಿತವರು, ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಮಾತಾಡುತ್ತಿದ್ದರು. ಗಟ್ಟಿ ಮನುಷ್ಯರು, ಆದರೆ ಕೆಟ್ಟವರಲ್ಲ. ಆ ಮಾತನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ಮೊದಲು ಹಲಗೆಯ ಮೇಲೆ ಚಿತ್ರ ಬರೆಯಬೇಕಿತ್ತು. "ದೋಣಿಯ ಚಿತ್ರವನ್ನು ಬರೆಯಿರಿ" ಎಂದರು. ಎಲ್ಲರೂ ಬಗ್ಗಿ ಬರೆದೆವು. ಅವರು ಒಂದೊಂದೇ ಹಲಗೆ ನೋಡುತ್ತಾ ಬಂದರು. ಮುಖ ಗಂಟಾಗುತ್ತಾ ಬಂತು. ನೋಡಿದ ಹಲಗೆಗಳ ಮೇಲೆಲ್ಲ ದುಂಡನೆಯ ಒಂದೊಂದು ಗೆರೆ.

"ಇದೇನು, ರೊಟ್ಟಿಯೇ?" ಎಂದು ನೀಲವ್ವನನ್ನು ಕೇಳಿದರು.

"ದೋಣಿರಿ."

"ದೋಣಿಯ ಮುಂಭಾಗ ಎಲ್ಲಿದೆ?"

"ಇದಕ್ಕ ಮುಂದು ಹಿಂದು ಇರಂಗಿಲ್ರಿ. ನಮ್ಮಪ್ಪ ಹುಟ್ಟು ಹಿಡಕೊಂಡು ಎತ್ತಾಗ ಕುಂತಿರ್ತಾನ, ಅದ ಮುಂದು."

ಹುಡುಗಿಯರೆಲ್ಲ ಕಿಸಕ್ಕೆಂದರು. ಇನ್ಸ್‌ಪೆಕ್ಟರಮ್ಮನೂ ನಕ್ಕರು. ಆದರೆ ನಕ್ಕು ಮುಂದಿನ ಹಲಗೆಗೆ ಬಂದರು. ಅದು ನನ್ನದು. ನಾನು ಬಾಲಬೋಧೆಯಲ್ಲಿ ಕಂಡಿದ್ದ ಚೂಪು ಮೂತಿಯ ದೋಣಿ ಬರೆದಿದ್ದೆ. ಅಂಥ ದೋಣಿಯನ್ನು ನಾನು ಕಣ್ಣಾರೆ ಕಂಡವಳಲ್ಲ, ನಮ್ಮ ಹೊಳೆಗೆ ಅದು ಬಂದದ್ದೂ ಇಲ್ಲ. "ಶಾಬಾಸ್" ಎಂದರು. ದಿನಾ ಹೊಳೆ ದಾಟುವ ಹುಡುಗಿಯ ದೋಣಿ ತಪ್ಪಾಯಿತು, ನೋಡದೇ ಬರೆದವಳದು ಸರಿಯಾಯಿತು.

ಆಮೇಲೆ ಓದು. ಒಬ್ಬೊಬ್ಬರೇ ಎದ್ದು ನಿಂತು ಅವರು ತೆಗೆದುಕೊಟ್ಟ ಪಾಠ ಓದಬೇಕು. ಓದಿದವರಿಗೆ ಮಾತ್ರ ಮಧ್ಯಾಹ್ನ ಬರೆಯುವ ಪರೀಕ್ಷೆ. ಅವರು ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟರು. ಪಾಠ ಹುಣ್ಣಿಮೆಯದು. ನನ್ನ ಸರದಿ ಮುಂಚೆ ಬಂದಿತ್ತು. ಮೊದಲನೆಯ ಸಾಲಿನಲ್ಲೇ ಚಂದ್ರನಿದ್ದ. ನಾನು ಮುಗ್ಗರಿಸಿ ಮುಗ್ಗರಿಸಿ ಓದಿದೆ, ನನ್ನ ಓದು ಯಾವತ್ತೂ ಅಷ್ಟೇ. ಕಣ್ಣು ಸುಬ್ಬಮ್ಮ ಟೀಚರ ಕಡೆ ಹೋಯಿತು. ಅವರಾಗಲೇ ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದರು.

ನೀಲವ್ವ ಎದ್ದಳು. ಪುಸ್ತಕ ಹಿಡಿದಳು. ಅವಳ ದನಿ ಎಂದಿನಂತೆ ನೀರು ಹರಿದಂತಿತ್ತು.

"ತಿಂಗಳಪ್ಪನು ಮೂಡಣದಲ್ಲಿ ಮೂಡಿದನು. ತಿಂಗಳಪ್ಪನ ಬೆಳಕು ಗಿಡಮರಗಳ ಮೇಲೆ..."

"ನಿಲ್ಲಿಸು. ಅಲ್ಲಿ ಹಾಗೆ ಬರೆದಿದೆಯೇ? ಸರಿಯಾಗಿ ನೋಡಿ ಓದು."

"ತಿಂಗಳಪ್ಪನು ಮೂಡಣದಲ್ಲಿ..."

"ಬೆರಳಿಟ್ಟು ಓದು. ಈ ಪದ. ಇದು ಏನು?"

ನೀಲವ್ವ ಬೆರಳಿಟ್ಟಳು. ತುಟಿ ಅಲುಗಾಡಿದವು. ಪುಸ್ತಕದ ಮೇಲಿಂದ ಕಣ್ಣೆತ್ತಿ ಟೀಚರನ್ನು ನೋಡಿದಳು, ನನ್ನನ್ನು ನೋಡಿದಳು. ನಾವೆಲ್ಲ ನೆಲ ನೋಡುತ್ತಿದ್ದೆವು. ಯಾಕೆ ಅನ್ನುವುದನ್ನು ಹೇಳಿದರೆ ಮದುವೆ ಹೊರಬೀಳುತ್ತದೆ, ಹುಲಿಗೆಪ್ಪ ಜೇಲು ಸೇರುತ್ತಾನೆ. ಟೀಚರೇ ಸುಮ್ಮನಿರು ಎಂದಿದ್ದಾರೆ. ಸುಮ್ಮನಿದ್ದೆವು.

"ತಿಂಗಳಪ್ಪರಿ" ಎಂದಳು ನೀಲವ್ವ, ಮೆಲ್ಲಗೆ.

ಇನ್ಸ್‌ಪೆಕ್ಟರಮ್ಮ ಪುಸ್ತಕ ಇಸಿದುಕೊಂಡು ಟೀಚರ ಕಡೆ ತಿರುಗಿದರು. "ಈ ಹುಡುಗಿಗೆ ಪಾಠ ಬಾಯಿಪಾಠವಾಗಿದೆ, ಅಕ್ಷರ ಬರುವುದಿಲ್ಲ. ಅರ್ಥ ನೆನಪಿದೆ, ಪದವನ್ನು ಊಹಿಸಿ ಹೇಳುತ್ತಿದ್ದಾಳೆ. ಇಂಥವರನ್ನು ನಾನು ಬಹಳ ನೋಡಿದ್ದೇನೆ." ನಿಜವಾಗಿಯೂ ನೋಡಿದ್ದರು, ಅದೇ ತೊಡಕು. ಅಕ್ಷರ ಬಾರದ ಮಕ್ಕಳು ಪಾಠವನ್ನು ಹಾಡಿನಂತೆ ಉರುಹೊಡೆದು ಇನ್ಸ್‌ಪೆಕ್ಟರರ ಮುಂದೆ ಒಪ್ಪಿಸುವುದು ಎಲ್ಲ ಸಾಲಿಗಳಲ್ಲೂ ನಡೆಯುತ್ತಿತ್ತು. ಆ ಮೋಸ ಹಿಡಿಯಲೆಂದೇ ಅವರು ಬೆರಳಿಡಿಸುತ್ತಿದ್ದದ್ದು. ಕಳ್ಳರನ್ನು ಹಿಡಿಯುವ ಬಲೆಯಲ್ಲಿ ನೀಲವ್ವ ಬಿದ್ದಳು.

ಮಧ್ಯಾಹ್ನ ನಾವು ಒಳಗೆ ಕೂತು ಬರೆಯುವಾಗ ಅವಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಇನ್ಸ್‌ಪೆಕ್ಟರಮ್ಮ ಹೇಳಿ ಬರೆಸಿದ್ದೂ ಅದೇ ಪಾಠ. ನಾನು ಬರೆಯುತ್ತಾ ಬರೆಯುತ್ತಾ ಕಿಟಕಿಯಾಚೆ ನೋಡಿದರೆ, ನೀಲವ್ವ ಒಳಗಿನ ದನಿ ಕೇಳಿಸಿಕೊಳ್ಳುತ್ತಾ ಕಟ್ಟೆಯ ಧೂಳಿನ ಮೇಲೆ ಬೆರಳಾಡಿಸುತ್ತಿದ್ದಳು.

ಸಂಜೆ ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿ ಅತ್ತೆ. ಅಜ್ಜಿ ಶೇಂಗಾದ ಮೊರ ಬದಿಗೆ ಸರಿಸಿ, "ಅಳಬ್ಯಾಡಲೇ. ಆಕಿನೂ ಹೆಣ್ಣುಮಗಳಲ್ಲೇನು? ಹೇಳಿದ್ರ ತಿಳೀತೈತಿ. ನಾಳೆ ಬೆಳಿಗ್ಗಿ ಹೋಗೂನು" ಅಂದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಬಂದ ಮಾತೆಲ್ಲ ಅವಳ ಮಡಿಲಲ್ಲೇ ಬಂದದ್ದು.

ಬೆಳಿಗ್ಗೆ ನೀಲವ್ವನನ್ನು ಕರಕೊಂಡು ನಾವು ಮೂವರೂ ಅವರು ಇಳಿದಿದ್ದ ಪ್ರವಾಸಿ ಬಂಗಲೆಗೆ ಹೋದಾಗ ಹೊಸಪೇಟೆಗೆ ಹೊರಡಲು ಗಾಡಿ ಹೂಡುತ್ತಿದ್ದರು. ಅಜ್ಜಿ ಒಂದು ಅಚ್ಚು ಹೊಸ ಬೆಲ್ಲ ತಂದಿದ್ದಳು. ಇನ್ಸ್‌ಪೆಕ್ಟರಮ್ಮ ಬೆಲ್ಲ ನೋಡಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು.

"ಲಂಚ ಅಲ್ರಿ ತಾಯಿ. ನಮ್ಮ ಗಾಣದ್ದು. ತಿಂದು ಸೈ ಅನ್ರಿ, ಬಿಟ್ರ ಬಿಡ್ರಿ" ಎಂದು ಅಜ್ಜಿ ಅದನ್ನು ಕಟ್ಟೆಯ ಮೇಲಿಟ್ಟು ಕೂತುಕೊಂಡಳು. "ನಿನ್ನೆ ಈ ಹುಡಿಗಿ ಒಂದು ಹೆಸರು ಓದ್ಲಿಲ್ಲಂತ. ಓದಾಕ ಬರಲಾರದ್ದಕ್ಕಲ್ರಿ. ಆ ಹೆಸರು ಆಕಿ ಬಾಯಾಗ ಅನ್ನಂಗಿಲ್ಲ. ಯಾಕ ಅಂತ ನಾ ಹೇಳಂಗಿಲ್ಲ. ನೀವೂ ಹೆಣ್ಣುಮಗಳು, ತಿಳಕೊಂಡುಬಿಡ್ರಿ."

ಇನ್ಸ್‌ಪೆಕ್ಟರಮ್ಮ ನೀಲವ್ವನ ಕೊರಳು ನೋಡಿದರು. ಅಲ್ಲಿ ಜಂಪರಿನ ಅಂಚಿನಲ್ಲಿ ಅರಿಸಿನದ ದಾರದ ಒಂದೆಳೆ ಕಾಣುತ್ತಿತ್ತು. ಆಮೇಲೆ, "ನಾನು ಕೇಳುವುದಿಲ್ಲ. ನೀವೂ ಹೇಳಬೇಡಿ" ಎಂದರು.

"ಹಂಗಾರ ಬ್ಯಾರೆ ಪಾಠ ಕೊಡ್ರಿ. ಓದ್ತಾಳ."

"ಅದು ಆಗುವುದಿಲ್ಲ ಅಜ್ಜಿ. ಎಲ್ಲ ಶಾಲೆಗಳಲ್ಲೂ ಅದೇ ಪಾಠವನ್ನು ಓದಿಸಿದ್ದೇನೆ. ಇವಳಿಗೆ ಬೇರೆ ಕೊಟ್ಟರೆ ಉಳಿದ ಹುಡುಗಿಯರಿಗೆ ಅನ್ಯಾಯ. ಎಲ್ಲರಿಗೂ ಒಂದೇ ತಕ್ಕಡಿ ಇರಬೇಕು."

"ತಕ್ಕಡಿ ಒಂದ ಇರ್ಲಿ ತಾಯಿ. ಒಬ್ಬಾಕಿ ಕೈ ಕಟ್ಟಿ ತೂಕ ಮಾಡು ಅಂದ್ರ ಹೆಂಗ ಮಾಡ್ತಾಳ?"

ಇನ್ಸ್‌ಪೆಕ್ಟರಮ್ಮ ಒಳಗೆ ಹೋಗಿ ಒಂದು ಹಲಗೆ, ಬಳಪ ತಂದರು. "ಬರೆಯುತ್ತಾಳೆಯೇ, ನೋಡೋಣ."

ನೀಲವ್ವ ಹಲಗೆ ಹಿಡಿದು ಅಜ್ಜಿಯ ಮುಖ ನೋಡಿದಳು. "ಬರೀಬಹುದೇನಬೇ ಅಜ್ಜಿ?"

ಅಜ್ಜಿ ಯೋಚಿಸಿದಳು. "ಅನ್ನಬ್ಯಾಡ ಅಂತ ನಮ್ಮವ್ವ ನನಗ ಹೇಳ್ಯಾಳ. ಬರೀಬ್ಯಾಡ ಅಂತ ಯಾರೂ ಹೇಳಿಲ್ಲ. ಹೇಳಾಕ ನಮ್ಮ ಹೆಂಗಸ್ರಾಗ ಬರೆಯೋರು ಯಾರಿದ್ರು? ಬರಿ, ಬರಿ. ಏನೂ ಆಗಂಗಿಲ್ಲ."

ಇನ್ಸ್‌ಪೆಕ್ಟರಮ್ಮ ಹೇಳುತ್ತಾ ಹೋದರು, ನೀಲವ್ವ ಬರೆಯುತ್ತಾ ಹೋದಳು. ಚಂದ್ರನು ಮೂಡಣದಲ್ಲಿ ಮೂಡಿದನು. ಚಂದ್ರನ ಬೆಳಕು. ಹಲಗೆ ತುಂಬಿತು. ನಾನು ಹಿಂದಿನ ದಿನ ಬರೆದದ್ದರಲ್ಲಿ ತಪ್ಪುಗಳಿದ್ದವು. ಇದರಲ್ಲಿ ಒಂದೂ ಇರಲಿಲ್ಲ. ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಓದಬಲ್ಲಳು" ಎಂದರು, ತಮಗೇ ಹೇಳಿಕೊಂಡಂತೆ. "ಆದರೆ ಓದಿನ ಅಂಕ ಬಾಯಿ ಬಿಟ್ಟು ಓದಿದ್ದಕ್ಕೆ ಮಾತ್ರ. ಹಾಗೆಂದು ನಿಯಮ. ಒಂದೇ ಒಂದು ಸಲ ಅವಳು ಈ ಪಾಠವನ್ನು ಇದ್ದ ಹಾಗೆ ಓದಿಬಿಡಲಿ. ನಿನ್ನೆಯದನ್ನು ಹೊಡೆದುಹಾಕಿ ಬರೆಯುತ್ತೇನೆ."

ಅಜ್ಜಿಯ ಕಣ್ಣು ಹೊಳೆದವು. "ಒಡಪು ಹಾಕಿ ಓದ್ಲೇನ್ರಿ? ಒಡಪಿನ್ಯಾಗ ಅನ್ನಬಹುದು. ಏ ನೀಲಿ, ಹಾಕಬೇ!"

ನೀಲವ್ವ ಗೋಡೆಯ ಕಡೆ ತಿರುಗಿದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಕೇಳಿಸಿತೋ ಇಲ್ಲವೋ ಎನ್ನುವಂಥ ದನಿಯಲ್ಲಿ ಹೇಳಿದಳು:

"ಕಂಪ್ಲಿ ಗಾಣದ ಬೆಲ್ಲ, ಹಂಪಿ ಹೊಳಿಯ ಕಲ್ಲ,
ಚಂದ್ರಪ್ಪರ ಹೆಸರ ಹೇಳೀನಿ, ಕೇಳ್ಯಾರೇನ ಎಲ್ಲ?"

ಹೇಳಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಗಾಡಿಯವನೂ ನಕ್ಕ. ಇನ್ಸ್‌ಪೆಕ್ಟರಮ್ಮ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. "ಬಹಳ ಚೆನ್ನಾಗಿದೆ ಮಗು. ಆದರೆ ಪಾಠದಲ್ಲಿ ಬೆಲ್ಲವೂ ಇಲ್ಲ, ಕಲ್ಲೂ ಇಲ್ಲ. ನಾನು ಏನೆಂದು ಬರೆಯಲಿ?"

ಅಲ್ಲಿಗೆ ಮುಗಿಯಿತು. ಗಾಡಿ ಹತ್ತುವ ಮುಂಚೆ ಅವರು ನೀಲವ್ವನ ತಲೆ ಮೇಲೆ ಕೈಯಿಟ್ಟರು. "ಮುಂದಿನ ವರ್ಷ ಬರುತ್ತೇನೆ. ಮೊದಲು ಹಲಗೆ ಕೊಡುತ್ತೇನೆ, ಆಮೇಲೆ ಪುಸ್ತಕ. ಮೇಲಿನವರಿಗೆ ಹೇಳಿ ನಿಯಮ ಸರಿಮಾಡಿಸಿಕೊಂಡು ಬರುತ್ತೇನೆ. ಒಂದು ವರ್ಷ ತಡೆದುಕೊ." ಬೆಲ್ಲದ ಅಚ್ಚನ್ನು ಅವರು ಮುಟ್ಟಲಿಲ್ಲ. ಅಜ್ಜಿ ಅದನ್ನು ಗಾಡಿಯವನಿಗೆ ಕೊಟ್ಟಳು.

ಬಳ್ಳಾರಿಗೆ ನನ್ನ ಹೆಸರು ಬಂತು.

ಒಂದು ವರ್ಷ ತಡೆದುಕೊಳ್ಳುವುದು ನೀಲವ್ವನ ಕೈಯಲ್ಲಿರಲಿಲ್ಲ. ಹುಡುಗಿಗೆ ಓದಲು ಬರಲಿಲ್ಲವಂತೆ ಎಂಬ ಸುದ್ದಿ ಗಾಡಿಗಿಂತ ಮುಂಚೆ ಹಂಪಿ ಮುಟ್ಟಿತ್ತು. ಗಾಣಗಳು ನಿಂತು, ಬಿಸಿಲು ಏರಿ, ಹೊಳೆಯಲ್ಲಿ ಬಂಡೆಗಳು ಎದ್ದು ಕಾಣುವ ಹೊತ್ತಿಗೆ ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದಳು. ಸುಬ್ಬಮ್ಮ ಟೀಚರು ಹುಲಿಗೆಪ್ಪನ ಅಂಗಳದಲ್ಲಿ ನಿಂತು, "ಒಂದು ವರ್ಷ ತಡೀರಿ ಯಮ್ಮಾ, ಇನ್ಸ್‌ಪೆಕ್ಟರಮ್ಮಾರು ಸ್ವತಾ ಹೇಳ್ಯಾರ, ಆಕಿಗೆ ಚೊಲೋ ಓದು ಬರ್ತೈತಿ" ಎಂದರು.

"ಬರಾಂಗಿದ್ರ ಅವತ್ತ ಓದಬೇಕಾಗಿತ್ತಲ್ರಿ. ಮುಂದಿನ ವರ್ಷ ನಾಲಿಗಿ ಹೊಸದು ಬರತೈತೇನು?" ಎಂದಳು ಅತ್ತೆ. ನಿಜವಾದ ಕಾರಣವನ್ನು ಅವಳಿಗೆ ಹೇಳಿದಾಗ ಮುಖ ಅರಳಿತು, ಸೊಸೆಯ ಗಲ್ಲ ಸವರಿ ನೆಟಿಗೆ ಮುರಿದಳು. "ಹಂಗೇನಬೇ! ನನ್ನ ಮಗನ ಮಾನ ಕಾಯ್ದಿ! ಇಂಥಾಕಿನ್ನ ಇಲ್ಲಿ ಬಿಟ್ಟು ಹೋಗ್ಲೇನು?" ಆ ಹುಡುಗಿ ಒಂದೇ ಕೆಲಸಕ್ಕೆ ಅಲ್ಲಿ ಸೋತಿದ್ದಳು, ಇಲ್ಲಿ ಗೆದ್ದಿದ್ದಳು. ಎರಡರಿಂದಲೂ ಸಿಕ್ಕಿದ್ದು ಹಂಪಿಯೇ.

ನೀಲವ್ವ ಬಟ್ಟೆಗಂಟಿನ ಜೊತೆ ಹಲಗೆಯನ್ನೂ ಎತ್ತಿಕೊಂಡಳು.

"ಅದ್ಯಾಕಬೇ? ಅದರ ಮ್ಯಾಲೆ ರೊಟ್ಟಿ ಬಡೀತಿಯೇನು?" ಎಂದು ಅತ್ತೆ ನಕ್ಕಳು. ನೀಲವ್ವನೂ ನಕ್ಕಳು. ಹಲಗೆಯನ್ನು ಕೆಳಗಿಡಲಿಲ್ಲ. ಗಾಡಿ ಕೋಟೆಯ ಬಾಗಿಲು ದಾಟುವಾಗ ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಅಳುತ್ತಿದ್ದಳು ಅಂತ ಅಜ್ಜಿ ಹೇಳಿದಳು. ನನಗೆ ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ ಅನ್ನಿಸಿತ್ತು.

ಮುಂದಿನ ವರ್ಷ ಇನ್ಸ್‌ಪೆಕ್ಟರಮ್ಮ ಹೇಳಿದಂತೆಯೇ ಬಂದರಂತೆ. ನಾನಾಗ ಬಳ್ಳಾರಿಯಲ್ಲಿದ್ದೆ, ಟೀಚರು ಆಮೇಲೆ ಹೇಳಿದ್ದು. ಗಾಡಿಯಿಂದಿಳಿದವರೇ, "ಆ ಒಡಪಿನ ಹುಡುಗಿ ಎಲ್ಲಿ?" ಎಂದರಂತೆ. ಓದಿನ ಪರೀಕ್ಷೆಯಲ್ಲಿ ಬರೆದು ತೋರಿಸಿದರೂ ನಡೆಯುತ್ತದೆ ಎಂದು ಮೇಲಿನವರಿಂದ ಒಪ್ಪಿಸಿಕೊಂಡು ಬಂದಿದ್ದರು. ದೋಣಿ ಬರೆಯಿರಿ ಎಂದು ಹೇಳಿ, ದುಂಡನೆಯ ದೋಣಿಗಳಿಗೆಲ್ಲ ಸರಿ ಹಾಕಿದರಂತೆ. ಸಂಜೆ ಹೊಳೆಗೆ ಹೋಗಿ ಹುಲಿಗೆಪ್ಪನ ಹರಿಗೋಲಿನಲ್ಲಿ ಕೂತು ಆಚೆ ದಂಡೆಗೆ ಹೋಗಿ ಬಂದರಂತೆ.

ನಾನು ಟೀಚರಾದೆ. ಮಕ್ಕಳಿಗೆ ಏನಾದರೂ ಕೇಳಿ ಉತ್ತರ ಬಾರದಿದ್ದರೆ, ಬರುವುದಿಲ್ಲ ಎಂದು ಬರೆಯಲು ನನ್ನ ಕೈ ಎಂದೂ ಜಲ್ದಿ ಏಳಲಿಲ್ಲ. ಬಾಯಲ್ಲಿ ಬಾರದ್ದನ್ನು ಹಲಗೆಯಲ್ಲಿ ಕೇಳಿದೆ. ಹಲಗೆಯಲ್ಲಿ ಬಾರದ ಲೆಕ್ಕವನ್ನು ಹುಣಸೆಬೀಜದಲ್ಲಿ ಕೇಳಿದೆ. ಎಲ್ಲರ ಮುಂದೆ ನಿಂತರೆ ಮೂಗನಾಗುವ ಹುಡುಗನನ್ನು ಬಾವಿಕಟ್ಟೆಗೆ ನೀರು ಸೇದಲು ಕರೆದುಕೊಂಡು ಹೋಗಿ ದಾರಿಯಲ್ಲಿ ಕೇಳಿದೆ. ಬೆನ್ನು ತಿರುಗಿಸಿ ನಡೆಯುತ್ತಾ ಪಾಠವಿಡೀ ಒಪ್ಪಿಸಿದ. ಎಲ್ಲರಿಗೂ ಒಂದೇ ತಕ್ಕಡಿ ಎನ್ನುವವರು ನನ್ನನ್ನು ಸಡಿಲ ಟೀಚರು ಎಂದರು. ಅನ್ನಲಿ. ಆದರೆ ಇದೆಲ್ಲ ಸಿಕ್ಕಿದ್ದು ಬೇರೆ ಮಕ್ಕಳಿಗೆ. ಯಾರ ಪಾಲಿನದೋ ಅವಳಿಗೆ ಸಿಗಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ ನನಗೆ ಹೊಸಪೇಟೆಗೆ ವರ್ಗವಾಯಿತು. ಇನ್ನೂ ಮದ್ರಾಸಿನ ಆಡಳಿತವೇ, ಯುದ್ಧ ನಡೆದಿದ್ದ ಕಾಲ. ಸಾಲಿ ಶುರುವಾಗುವ ದಿನ ಒಬ್ಬಳು ಹೆಂಗಸು ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಳು. ಸೀರೆಯ ಅಂಚಿಗೆ ಸಂಡೂರಿನ ಗುಡ್ಡದ ಕೆಂಪು ಧೂಳು. ಹರಿಗೋಲಿನಲ್ಲಿ ಹೊಟ್ಟೆ ತುಂಬದೆ ಗಂಡ ಅದಿರು ತುಂಬುವ ಕೆಲಸಕ್ಕೆ ಸೇರಿದ್ದ, ಸ್ಟೇಶನ್ನಿನ ಹತ್ತಿರ ಗುಡಿಸಲು. ನಾನು ಗುರುತು ಹಿಡಿಯುವ ಮುಂಚೆಯೇ ಅವಳು, "ಗೌರೀ" ಎಂದು ನನ್ನ ಹೆಸರು ಹಿಡಿದು ಕರೆದಳು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಟೀಚರ್ರ" ಎಂದಳು.

"ಟೀಚರ್ರ ಅಂದ್ರ ಹೊಡೀತೀನಿ ನೋಡ" ಎಂದೆ. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಅಜ್ಜಿ ತೀರಿಹೋದದ್ದು ಅವಳಿಗೆ ತಿಳಿದಿರಲಿಲ್ಲ. ಅತ್ತಳು. ನನ್ನ ಮೇಲೆ ಸಿಟ್ಟಿತ್ತೇನೆಂದು ಕೇಳಿದೆ. "ನಿನ್ನ ಮ್ಯಾಲೆ ಯಾಕಬೇ? ನಮ್ಮಿಬ್ಬರಾಗ ಒಬ್ಬಾಕಿರ ಹೋದ್ಲಲ್ಲ ಅಂತ ಗಾಡ್ಯಾಗ ಕುಂತು ಲೆಕ್ಕ ಹಾಕ್ಕೊಂಡೆ" ಎಂದಳು.

ಮಗಳಿಗೆಂದು ಹೊಸ ಪುಸ್ತಕ ತಂದುಕೊಟ್ಟೆ. ನೀಲವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವಿದಳು. ಒಂದೊಂದು ಹಾಳೆಯ ಮೇಲೂ ಬೆರಳು ಸುಮ್ಮನೆ ಅತ್ತಿತ್ತ ತಡಕಾಡುತ್ತಿತ್ತು. ಕಣ್ಣು ಕಿರಿದು ಮಾಡಿದಳು. ನನಗೆ ತಿಳಿಯಲು ಹೊತ್ತು ಹಿಡಿಯಿತು. ಚೀಲದ ಮೇಲಿನ, ಶೀಸೆಯ ಮೇಲಿನ ಬರಹ ಬಿಡದೆ ಓದುತ್ತಿದ್ದ ನೀಲವ್ವನಿಗೆ ಈಗ ಓದಲು ಬರುತ್ತಿರಲಿಲ್ಲ.

"ಹೋತವ್ವ" ಎಂದಳು ನನ್ನ ಮುಖ ನೋಡಿ. "ಹಲಗಿ ಮೊದಲ್ನೇ ಮಳಿಗಾಲದಾಗ ಒಡೀತು. ಆಮ್ಯಾಲೆ ಓದಾಕ ಏನಿತ್ತು ಅಲ್ಲಿ? ಒಂದೊಂದ ಅಕ್ಷರ ಬಿಟ್ಟು ಹೋದ್ವು." ಹೇಳುತ್ತಲೇ ಇನ್ನೊಂದು ಹಾಳೆ ತಿರುವಿದಳು. ಬೆರಳು ಒಂದು ಪದದ ಮೇಲೆ ನಿಂತಿತು. ಈ ಸಲ ಅದು ಅಲುಗಾಡಲಿಲ್ಲ. ನನ್ನ ಕಡೆ ನೋಡಿ ನಕ್ಕಳು, ಬಂಗಲೆಯಲ್ಲಿ ಒಡಪು ಹೇಳಿ ಮುಖ ಮುಚ್ಚಿಕೊಂಡಾಗಿನ ಅದೇ ನಾಚಿಕೆ ಆ ನಗುವಿನಲ್ಲಿತ್ತು. "ಇದೊಂದ ಉಳದೈತಿ. ಒಲಿ ಮುಂದ ಬೂದ್ಯಾಗ ಬರಕೋತಿದ್ದೆ. ಅನ್ನಬಾರದು, ಬರೀಬಹುದು ಅಂತ ಅಜ್ಜಿ ಹೇಳಿದ್ಲಲ್ಲ."

ಮಗಳು ಅವಳ ಭುಜದ ಮೇಲಿಂದ ಬಗ್ಗಿ ನೋಡಿತು. ಹಂಪಿಯಲ್ಲಿದ್ದಾಗ ಒಂದಿಷ್ಟು ದಿನ ಗುಡಿಯ ಕಟ್ಟೆಯ ಮೇಲಿನ ಐಗಳ ಮಠದಲ್ಲಿ ಅಕ್ಷರ ಕಲಿತಿತ್ತಂತೆ. "ಏನೈತಬೇ ಅವ್ವಾ ಅದು?"

"ತಿಂಗಳಪ್ಪ" ಎಂದಳು ನೀಲವ್ವ.

ಹುಡುಗಿ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಿತು. ಅದಕ್ಕೆ ಅಪ್ಪ ಎಂದರೆ ಅಪ್ಪ, ಅಷ್ಟೇ; ಅವನ ಹೆಸರಿನ ಯೋಚನೆಯೇ ಅದಕ್ಕಿಲ್ಲ. ಕೈ ಬಾಯಿಗೆ ಅಡ್ಡ ಹಿಡಿದು ನನ್ನ ಕಡೆ ತಿರುಗಿ, "ಅದು ಚಂದ್ರರೀ ಟೀಚರ್ರ. ನಮ್ಮವ್ವಗ ಓದಾಕ ಬರಂಗಿಲ್ಲ" ಎಂದು ಕಿಲಕಿಲ ನಕ್ಕಿತು.

ನಾನು ಹೇಳಲೆಂದು ಬಾಯಿ ತೆರೆದೆ. ನೀಲವ್ವ ಪುಸ್ತಕ ಮುಚ್ಚಿ, ಬ್ಯಾಡ ಎಂದು ಕಣ್ಣಲ್ಲೇ ಅಂದಳು. ಮಗಳ ತಲೆ ನೇವರಿಸಿದಳು.

"ಹೌದವ್ವ, ಬರಂಗಿಲ್ಲ" ಎಂದಳು. "ಅದಕ್ಕ ನಿನ್ನ ಕರಕೊಂಡು ಬಂದೀನಿ."